ಇಪ್ಪತ್ತರಲ್ಲಿ ಹನ್ನೆರಡು

ಅಜೆಕಾರಿನ ಕುಟುಂಬದ ಮನೆಯನ್ನೂ ಅದಕ್ಕೆ ಸೇರಿದ ದೈವಸ್ಥಾನವನ್ನೂ ಟ್ರಸ್ಟ್ ಮಾಡಿ ನೋಂದಾಯಿಸಬೇಕಿತ್ತು. ನೋಂದಣಿಗೆ ಬೈಲಾ ಬೇಕು. ವಕೀಲರೊಬ್ಬರು ಬರೆದುಕೊಟ್ಟ ಕರಡು ಯಾರಿಗೂ ಅರ್ಥವಾಗಲಿಲ್ಲ. ಹಾಗಾಗಿ ಉಡುಪಿಯಲ್ಲಿ ಕಾನೂನು ಓದುತ್ತಿದ್ದ ವಿಜೇತಾಳನ್ನು ಭಾನುವಾರದ ಸಭೆಗೆ ಹಾಸ್ಟೆಲಿನಿಂದ ಕರೆಸಿದರು. ಅವಳು ತಾರಾನಾಥರ ಮಗಳು. ತಾರಾನಾಥರು ಈ ಕುಟುಂಬದವರು. ವಿಜೇತಾ ಅಲ್ಲ.

ಈ ಮನೆಯಲ್ಲಿ ವಂಶ ತಾಯಿಯ ಕಡೆಯಿಂದ ಹೋಗುತ್ತದೆ. ಮಗಳ ಮಕ್ಕಳು ಒಳಗೆ, ಮಗನ ಮಕ್ಕಳು ಹೊರಗೆ. ಹೊರಗಿನವರಿಗೆ ತಾಯಿಯ ಕುಟುಂಬ ಇರುತ್ತದೆ, ಆದ್ದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ವಿಜೇತಾಳ ತಾಯಿ ಸೋಫಿಯಾ ಕಾಪುವಿನ ಕ್ಯಾಥೊಲಿಕ್ ಮನೆಯವರು. ಅಲ್ಲಿ ವಂಶ ತಂದೆಯ ಕಡೆಯಿಂದ. ಎರಡೂ ಮನೆಯವರು ತಮ್ಮ ತಮ್ಮ ನಿಯಮ ಪಾಲಿಸುತ್ತಿದ್ದರು. ಎರಡು ನಿಯಮಗಳಲ್ಲೂ ವಿಜೇತಾ ಇರಲಿಲ್ಲ.

ವರ್ಷಕ್ಕೊಮ್ಮೆ ದೈವಕ್ಕೆ ಪೂಜೆ ಸಲ್ಲಿಸುವ ತಂಬಿಲದ ದಿನ ಗಂಧಪ್ರಸಾದಕ್ಕೆ ಸದಸ್ಯರ ಹೆಸರು ಹಿಡಿದು ಕರೆಯುತ್ತಿದ್ದರು. ಉಳಿದವರಿಗೆ ಆಮೇಲೆ ಒಟ್ಟಿಗೆ ಕೊಡುತ್ತಿದ್ದರು. ಎಂಟು ವರ್ಷದವಳಿದ್ದಾಗ ಅವಳು ಅಪ್ಪನ ಹೆಸರಿನ ನಂತರ ತನ್ನದು ಬರುತ್ತದೆಂದು ಕೈ ಒಡ್ಡಿ ನಿಂತಿದ್ದಳು. ಬಂದಿರಲಿಲ್ಲ. ಬೈಲಾ ಬರೆಯಲು ಒಪ್ಪಿದ್ದಕ್ಕೆ ನಿಜವಾದ ಕಾರಣ ಅದೇ. ಬರೆಯುವವಳು ತಾನಾದರೆ ಸದಸ್ಯರ ಪಟ್ಟಿಯಲ್ಲಿ ತನ್ನ ಹೆಸರು ಸೇರಿಸಬಹುದು ಎಂದುಕೊಂಡಿದ್ದಳು.

ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದರು. ಸದ್ದಿಗೆ ಕಿಟಕಿಗಳನ್ನು ಮುಚ್ಚಿದ್ದರಿಂದ ಒಳಗೆ ಸೆಕೆ. ಕುಟುಂಬದಲ್ಲಿ ಮೂರು ಶಾಖೆಗಳಿದ್ದವು. ಅವನ್ನು ಕವರು ಎನ್ನುತ್ತಾರೆ. ಎಂಟು ತಲೆಗೆ ಒಂದರಂತೆ ಕವರುಗಳಿಗೆ ಆಡಳಿತ ಸಮಿತಿಯಲ್ಲಿ ಸೀಟು ಎಂದು ಬೇಗನೆ ತೀರ್ಮಾನವಾಯಿತು. ತಲೆ ಎಂದರೆ ಯಾರು ಎಂಬಲ್ಲಿ ಸಭೆ ನಿಂತಿತು.

ಅಜೆಕಾರು ಕವರಿನಲ್ಲಿ ಹೆಣ್ಣುಮಕ್ಕಳು ಕಡಿಮೆ. ತಾರಾನಾಥ, ಮುಂಬೈಯಲ್ಲಿದ್ದ ಅವರ ಅಣ್ಣ, ತಂಗಿ ವಿನೋದಾ, ವಿನೋದಾರ ಮಗ ಅಕ್ಷಿತ್, ಹೀಗೆ ಸದಸ್ಯರು ನಾಲ್ಕೇ ಜನ. ಆ ಕವರಿನ ಗಂಡಸರ, ತೀರಿಕೊಂಡವರದ್ದೂ ಸೇರಿ, ಹೆಂಡತಿಯರು, ಮಕ್ಕಳು, ಮೊಮ್ಮಕ್ಕಳು ಒಟ್ಟು ಇಪ್ಪತ್ತು. ಸದಸ್ಯರನ್ನು ಮಾತ್ರ ಎಣಿಸಿದರೆ ಒಂದು ಸೀಟೂ ಇಲ್ಲ. ಎಲ್ಲರನ್ನೂ ಎಣಿಸಿದರೆ ಮೂರು.

ತಂಬಿಲದ ದಿನ ಅಂಗಳ ಗುಡಿಸುವವರು, ಬಡಿಸುವವರು ಆ ಇಪ್ಪತ್ತು ಜನವೇ, ಅವರನ್ನು ಎಣಿಸಲೇಬೇಕು ಎಂದು ವಿನೋದಾ ಹಟ ಹಿಡಿದರು. ಕಾರ್ಕಳ ಕವರಿನ ಉಜ್ವಲ್ ಕಾಲೇಜಿನಲ್ಲಿ ಗಣಿತ ಕಲಿಸುವವನು. ಹಾಗಾದರೆ ಅವರಿಗೆ ಮತವೂ ಉಂಟಾ ಎಂದು ಕೇಳಿದ.

"ಮತ ಎಂತಕ್ಕೆ ಮಾರಾಯ. ಲೆಕ್ಕಕ್ಕೆ ಮಾತ್ರ," ಎಂದರು ವಿನೋದಾ.

ವಿಜೇತಾಳ ಚೀಲದಲ್ಲಿ ಹಾಸ್ಟೆಲ್ ಲೈಬ್ರರಿಯ ಪುಸ್ತಕವೊಂದಿತ್ತು. ಅಮೆರಿಕದ ಸಂವಿಧಾನ ಹೇಗೆ ತಯಾರಾಯಿತು ಎಂಬುದರ ಬಗ್ಗೆ. ಅವಳಿಗೆ ತಡೆಯಲಾಗಲಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಹೀಗೆಯೇ ಕಿಟಕಿ ಮುಚ್ಚಿಕೊಂಡು ಕುಳಿತವರು ಇದೇ ಜಗಳ ಆಡಿದ್ದರು ಎಂದಳು. ಗುಲಾಮರಿಗೆ ಮತ ಇರಲಿಲ್ಲ, ಆದರೆ ಅವರ ತಲೆ ತೋರಿಸಿ ಹೆಚ್ಚು ಸೀಟು ಪಡೆಯಲು ದಕ್ಷಿಣದ ರಾಜ್ಯಗಳಿಗೆ ಅವರು ಬೇಕಿತ್ತು. ಉತ್ತರದವರು ಒಪ್ಪಲಿಲ್ಲ. ಕೊನೆಗೆ ಐದು ಜನರನ್ನು ಮೂರು ಎಂದು ಎಣಿಸಿದರು. ಗುಲಾಮ ಎಂಬ ಪದವನ್ನೂ ಬರೆಯಲಿಲ್ಲ, 'ಇತರ ವ್ಯಕ್ತಿಗಳು' ಎಂದರು.

ಇದನ್ನು ಕೇಳಿ ಇವರಿಗೆ ನಾಚಿಕೆಯಾಗುತ್ತದೆ ಎಂದು ಅವಳು ಭಾವಿಸಿದ್ದಳು.

ಉಜ್ವಲ್ ಕಾಗದದ ಮೇಲೆ ಲೆಕ್ಕ ಹಾಕಿದ. ಇಪ್ಪತ್ತರ ಐದರಲ್ಲಿ ಮೂರು ಭಾಗ ಹನ್ನೆರಡು, ಸದಸ್ಯರು ನಾಲ್ಕು, ಒಟ್ಟು ಹದಿನಾರು, ಸೀಟು ಎರಡು. ವಿನೋದಾ ಮೂರು ಕೇಳಿದ್ದರು, ಉಜ್ವಲ್ ಸೊನ್ನೆ ಎಂದಿದ್ದ. ಎರಡಕ್ಕೆ ಇಬ್ಬರೂ ಒಪ್ಪಿದರು. ಉಳಿದ ಎರಡು ಕವರುಗಳಲ್ಲಿ ಹೊರಗಿನವರು ಕಡಿಮೆ, ಹೀಗೆ ಎಣಿಸಿದರೂ ಅವುಗಳ ಸೀಟು ಬದಲಾಗುತ್ತಿರಲಿಲ್ಲ. ಅಮೆರಿಕದಲ್ಲೇ ಹಾಗೆ ಉಂಟಂತೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು. ಅದು ಕೆಟ್ಟ ಉದಾಹರಣೆ ಎಂದು ವಿಜೇತಾ ವಿವರಿಸಲು ಹೊರಟಾಗ ಚಹಾ ಬಂತು.

ಚಹಾದ ನಂತರ ಅವಳು ಹಕ್ಕುಗಳ ವಿಷಯ ಎತ್ತಿದಳು. ಎಣಿಸುವುದಾದರೆ ಇಪ್ಪತ್ತು ಜನರ ಹೆಸರು ಬೈಲಾದಲ್ಲಿ ಬರಲಿ, ಸಭೆಯಲ್ಲಿ ಮಾತನಾಡುವ ಹಕ್ಕಾದರೂ ಇರಲಿ ಎಂದಳು. ಅದನ್ನೆಲ್ಲ ತಿದ್ದುಪಡಿ ಮಾಡಿ ಆಮೇಲೆ ಸೇರಿಸುವ ಎಂದ ಉಜ್ವಲ್. ಅಮೆರಿಕದವರೂ ಮೊದಲು ಸಂವಿಧಾನ ಮಾಡಿ, ಹಕ್ಕುಗಳನ್ನು ಆಮೇಲೆ ತಾನೇ ಸೇರಿಸಿದ್ದು ಎಂದು ಕೇಳಿದ. ಅದು ನಿಜ. 1791ರಲ್ಲಿ, ಹತ್ತು ತಿದ್ದುಪಡಿಗಳಾಗಿ. ಆ ಹತ್ತರಿಂದಲೂ 'ಇತರ ವ್ಯಕ್ತಿ'ಗಳಿಗೆ ಏನೂ ಸಿಗಲಿಲ್ಲ, ಬಿಡುಗಡೆಗೆ ಒಂದು ಯುದ್ಧವೇ ಆಗಬೇಕಾಯಿತು ಎಂದಳು. ಇಲ್ಲಿ ಯಾರೂ ಯುದ್ಧ ಮಾಡುವವರಿಲ್ಲ ಎಂದು ನಗು ಎದ್ದಿತು.

ಅವಳಿಗೆ ತಲೆ ಕೆಟ್ಟಿತು. ಇಲ್ಲಿ ಯಾರೂ ಗುಲಾಮರಲ್ಲ, ಹೋಲಿಕೆಯೇ ತಪ್ಪಿರಬಹುದು. ನಿನ್ನೆಯವರೆಗೆ ಅವಳು ಸೊನ್ನೆ, ಇವತ್ತು ಐದರಲ್ಲಿ ಮೂರು. ಇದು ಮುಂದೆ ಹೋದಂತೆಯೋ ಹಿಂದೆ ಹೋದಂತೆಯೋ ಪುಸ್ತಕದಲ್ಲಿ ಇರಲಿಲ್ಲ.

ಅಕ್ಷಿತ್ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. 'ಅಜೆಕಾರು ಕವರು: ಸದಸ್ಯರು 4, ಇತರರು' ಎಂಬಲ್ಲಿ ಅವಳು 19 ಎಂದು ಟೈಪ್ ಮಾಡಿದಳು. ಒಟ್ಟು ತಲೆ ಹದಿನೈದೂ ಚಿಲ್ಲರೆಗೆ ಇಳಿಯಿತು. ಸೀಟು ಒಂದಾಯಿತು.

"ಒಂದು ಕಡಿಮೆ ಯಾರು?" ವಿನೋದಾ ಕೇಳಿದರು.

"ನಾನು, ಮಾಮಿ. ಹೆಸರು ಬರೆಯದಿದ್ದರೆ ನನ್ನನ್ನು ಎಣಿಸುವುದು ಬೇಡ."

"ಅಪ್ಪನ ಮನೆಯ ಸೀಟು ನೀನೇ ಕಳೆಯುತ್ತೀಯಾ?"

"ಇದು ನನ್ನ ಅಪ್ಪನ ಮನೆ ಅಂತ ಎಲ್ಲಿ ಬರೆದದ್ದುಂಟು?"

ಹೆಸರು ಬರೆದುಬಿಡೋಣ ಎನ್ನುವಂತೆ ವಿನೋದಾ ಉಜ್ವಲನ ಮುಖ ನೋಡಿದರು. ಹೆಸರು ಬಂದರೆ ಅದು ಸದಸ್ಯತ್ವ, ಒಬ್ಬಳಿಗೆ ಕೊಟ್ಟರೆ ಎಲ್ಲ ಕವರುಗಳಲ್ಲೂ ಕೇಳುತ್ತಾರೆ ಎಂದ ಅವನು. ಅಲ್ಲದೆ ಎಣಿಸಬೇಕೋ ಬೇಡವೋ ಎಂದು ಹೇಳುವುದು ಸದಸ್ಯರ ಕೆಲಸ, ವಿಜೇತಾಳಿಗೆ ಸಭೆಯಲ್ಲಿ ಮಾತನಾಡಲು ಅವಕಾಶವೇ ಇಲ್ಲ ಎಂದೂ ನೆನಪಿಸಿದ. ಬೆಳಿಗ್ಗೆಯಿಂದ ಅತಿ ಹೆಚ್ಚು ಮಾತನಾಡಿದವಳು ಅವಳೇ.

ಮತಕ್ಕೆ ಹಾಕಿದರು. ವಿಜೇತಾಳನ್ನು ಎಣಿಸಬೇಕು ಎನ್ನುವವರು ಕೈ ಎತ್ತಿ ಎಂದಾಗ ಬಹುತೇಕ ಎಲ್ಲರೂ ಎತ್ತಿದರು. ಬೆಳಿಗ್ಗೆಯಿಂದ ಒಂದು ಮಾತೂ ಆಡದೆ ಗೋಡೆಗೊರಗಿ ಕುಳಿತಿದ್ದ ತಾರಾನಾಥರು ಎಲ್ಲರಿಗಿಂತ ಮೊದಲು ಎತ್ತಿದ್ದರು.

ಅವಳು 19 ಅಳಿಸಿ 20 ಟೈಪ್ ಮಾಡಿದಳು.

ಸಂಜೆ ಕಾರ್ಕಳದ ಬಸ್ಸಿಗೆ ಕಾಯುವಾಗ ತಾರಾನಾಥರು ಮಗಳ ಚೀಲವನ್ನು ತಾವೇ ಹಿಡಿದುಕೊಂಡಿದ್ದರು. ಅವಳಿಗೆ ಯಾಕೆ ಸಿಟ್ಟು ಎಂದು ಕೇಳಿದರು.

"ನೀವು ಯಾಕೆ ಕೈ ಎತ್ತಿದ್ದು?"

"ನಿನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ ಅಂತ ಕೇಳಿದರು. ಅಪ್ಪ ಆಗಿ ಬೇಡ ಅಂತ ಹೇಗೆ ಹೇಳುವುದು?"

ಸೀಟು ಹೋಗುತ್ತದೆಂದು ಎತ್ತಿದ್ದರೆ ಬಯ್ಯಬಹುದಿತ್ತು. ಹಾಗಲ್ಲ ಎಂದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು.

"ಮುಂದಿನ ತಂಬಿಲಕ್ಕೆ ಬರ್ತೀಯಲ್ವಾ?" ಎಂದು ಅವರು ಕೇಳಿದರು.

ಬಸ್ಸು ಬಂತು. ಗೊತ್ತಿಲ್ಲ ಎಂದು ಹೇಳಿ ಅವಳು ಚೀಲ ತೆಗೆದುಕೊಂಡಳು.