ಚಹಾಕ್ಕೆ ಎರಡು ಬೆರಳು

ಚಹಾ ಬಟ್ಟಲಿಗೆ ಬೀಳುವ ಸದ್ದು ಇಷ್ಟು ಜೋರೇ, ಹೋಟೆಲಿನ ಈ ಮಧ್ಯಾಹ್ನದ ಗಲಾಟೆಯಲ್ಲೂ, ಸಿಗಡಿ ಕಡುಬಿನ ಹಬೆಯಾಚೆ ಗೆಂಗ್ ಸಾಹೇಬರು ಕೆಟಲ್ ಬಗ್ಗಿಸಿದ್ದಾರೆ, ಬೀಜಿಂಗ್ ಸರ್ಕಾರದವರು, ನಗುಮುಖ, ಮೊಣಕೈ ಬಳಿ ಕೆಂಪು ರಟ್ಟಿನ ನೇಮಕಪತ್ರ, ಅದರೊಳಗೆ ನನ್ನ ಹೆಸರು, ಕ್ವಾನ್ ಯುಕ್‌ಚಿಂಗ್, ಬಂದರು ತಜ್ಞೆ, ಸಲಹೆಗಾರ್ತಿ — ಇನ್ನೈದು ವರ್ಷಕ್ಕೆ ಬ್ರಿಟಿಷ್ರು ಹಾಂಗ್‌ಕಾಂಗ್ ಬಿಟ್ಟು ಹೋಗ್ತಾರೆ ಪ್ರೊಫೆಸರ್, ಆಮೇಲೆ ಈ ಬಂದರು ಹ್ಯಾಗೆ ನಡೀಬೇಕು, ನಿಮ್ಮಂಥೋರೇ ಹೇಳ್ಬೇಕು, ಮನಸ್ಸು ಬಿಚ್ಚಿ ಹೇಳಿ, ಸಂಕೋಚ ಬೇಡ — ಸಂಕೋಚ ಬೇಡ, ಅಯ್ಯೋ, ಅದೇ ಮಾತು, ಐವತ್ತೇಳರ ವಸಂತ, ಗಡಿಯಾಚೆಯ ಕ್ಯಾಂಟನ್, ನನಗೆ ಒಂಬತ್ತು, ಅಪ್ಪ ಬಂದರಿನ ಎಂಜಿನಿಯರ್, ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಮನೆಗೇ ಬಂದು — ತಪ್ಪಿದ್ರೆ ತಪ್ಪು ಅನ್ನಿ ಎಂಜಿನಿಯರ್ರೇ, ಸಂಕೋಚ ಬೇಡ — ಅಪ್ಪ ನಂಬಿದ, ಹೂಳು ತೆಗೆಯದೆಯೇ ತೆಗೆದೆವೆಂದು ಬರೀತೀರಲ್ಲ ಅಂದುಬಿಟ್ಟ, ಅಷ್ಟೇ, ಬರೀ ಹೂಳಿನ ಮಾತು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಶರತ್ಕಾಲಕ್ಕೆ ಅದೇ ಕಾರ್ಯದರ್ಶಿ ಇನ್ನಿಬ್ಬರನ್ನು ಕರೆತಂದ, ಅಮ್ಮನ ಕೈಯಿಂದ ಕೆಟಲ್ ಇಸಿದುಕೊಂಡು ತಾನೇ ಚಹಾ ಸುರಿದ, ಅಪ್ಪ ನಮ್ಮ ಕಡೆಯ ರೂಢಿಯಂತೆ ಎರಡು ಬೆರಳು ಮಡಿಸಿ ಮೇಜನ್ನು ಟಕ್ ಟಕ್ ತಟ್ಟಿದ, ಉಪಕಾರವಾಯಿತು ಅಂತ, ಅವರ ಜೊತೆ ಎದ್ದು ಹೋದ, ಬರಲೇ ಇಲ್ಲ, ಆ ಚಹಾವನ್ನು ಅಮ್ಮ ಮೂರು ದಿನ ಚೆಲ್ಲಲಿಲ್ಲ.

ಇವತ್ತು ಬೆಳಿಗ್ಗೆ ಅದೇ ಅಮ್ಮ, ನನ್ನ ಕಾಲರು ಸರಿಮಾಡುತ್ತ — ಊರ ಉಸಾಬರಿ ನಿನಗ್ಯಾಕೆ ಯುಕ್, ಮೈಗೆ ಹುಷಾರಿಲ್ಲ ಅನ್ನು, ನಗ್ತಾ ಅನ್ನು, ಆದ್ರೆ ಒಲ್ಲೆ ಅಂದು ಬಾ, ಇನ್ನೊಂದ್ಸಲ ನನ್ನ ಕೈಲಾಗಲ್ಲ — ಒಲ್ಲೆ ಎನ್ನಲೆಂದೇ ಬಂದವಳು ನಾನು, ಟ್ರಾಮಿನಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದೆ, ಆದರೆ ಒಲ್ಲೆ ಅಂದವರ ಹೆಸರನ್ನೂ ಬರೆದುಕೊಳ್ಳುತ್ತಾರೇನೋ, ಹೇಳು, ಬಟ್ಟಲು ತುಂಬಿತು, ಹೇಳೇ, ಟಕ್ ಟಕ್ — ಯಾರದು, ನನ್ನದೇ ಕೈ, ಬರೀ ಚಹಾಕ್ಕೆ, ನಲವತ್ತು ವರ್ಷದ ಅಭ್ಯಾಸ — ಓ, ಒಪ್ಪಿದ್ರಿ ಅನ್ನಿ, ಭೇಷ್ ಭೇಷ್ — ಉತ್ತರದವರಿಗೆ ನಮ್ಮ ರೂಢಿ ಗೊತ್ತಿಲ್ಲ, ಅಲ್ಲ ಸಾಹೇಬ್ರೇ, ಅದು ಚಹಾಕ್ಕೆ, ಅನ್ನು, ಕೆಂಪು ರಟ್ಟು ನನ್ನ ಕಡೆಗೆ ಜರುಗುತ್ತಿದೆ, ಅಮ್ಮ ಬಾಗಿಲಲ್ಲೇ ಕಾಯುತ್ತಿರುತ್ತಾಳೆ, ಅನ್ನು, ಅನ್ನಲಾರೆ, ಮೇಜಿನ ಮೇಲೆ ಆ ಬೆರಳುಗಳು, ಅಪ್ಪನವೇ, ಮಂಡಿಯೂರಿದ ಎರಡು ಬೆರಳು