ಹದಿನೇಳು ಕಡ್ಡಿಗಳು

ಆ ಸೋಮವಾರ ಮುಂಜಾನೆ ಮೂಡಲಗಿಯ ಮೇಲೆ ದಟ್ಟವಾಗಿ ಮಂಜು ಬಿದ್ದಿತ್ತು. ಕಬ್ಬಿನ ಗರಿಗಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಲುವೆ ಎಲ್ಲಿದೆ ಎಂಬುದು ಅದರ ಸದ್ದಿನಿಂದಷ್ಟೇ ತಿಳಿಯುತ್ತಿತ್ತು. ಗಾಣದ ಒಲೆಯ ಹೊಗೆ ಮೇಲೇರಲಾರದೆ ನೆಲದ ಮೇಲೆಯೇ ಹಾಸಿಕೊಂಡಿತ್ತು. ಆ ಹೊಗೆಯಲ್ಲೇ ಸತ್ತೆಪ್ಪ ಎತ್ತುಗಳ ಮೈಮೇಲೆ ಗೋಣಿ ಹೊದಿಸಿ ಚಕ್ಕಡಿ ಹೂಡಿದ. ರಾಯವ್ವ ಗಂಡ ಉದ್ದಪ್ಪನ ರಟ್ಟೆ ಹಿಡಿದು ಹತ್ತಿಸಿ, ಕೌದಿ ಹೊದಿಸಿದಳು.

ಸತ್ತೆಪ್ಪ ಗಾಣದ ಒಲೆಗೆ ಬೆಂಕಿ ಹಾಕುವವ, ಉದ್ದಪ್ಪನಿಗಿಂತ ಹತ್ತು ವರ್ಷ ಹಿರಿಯ. ಅವನ ಬಾಯಿ ಮಾತ್ರ ಯಾವ ಮಂಜಿಗೂ ಹೆಪ್ಪುಗಟ್ಟುವುದಲ್ಲ.

"ಏನೋ ಉದ್ದಪ್ಪಾ, ಹ್ವಾದ ವರ್ಷ ನೀ ಕುಂತ್ರ ಚಕ್ಕಡಿ ಹಿಂದಕ್ಕ ಬಾಗತಿತ್ತು. ಈಗ ನೀ ಹತ್ತಿದ್ದು ಎತ್ತಿಗೆ ಗೊತ್ತ ಆಗಲಿಲ್ಲ ನೋಡ."

"ನಿನ್ನ ಮಾತಿನ ಭಾರ ಸಾಕೋ ಮಾರಾಯಾ ಅವಕ್ಕ" ಎಂದು ಉದ್ದಪ್ಪ ನಕ್ಕ. ನಕ್ಕವನೇ ಮುಂಗೈ ಕೆರೆದುಕೊಂಡ. ಒಂದು ತಿಂಗಳಿಂದ ಮೈಯೆಲ್ಲ ಹಾಗೆ ತುರಿಸುತ್ತಿತ್ತು.

ಉದ್ದಪ್ಪ ಬೆಲ್ಲದ ಹದ ನೋಡುವವ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿದ್ದರೆ (ಕಬ್ಬಿನ ರಸಕ್ಕೆ ಆ ಸೀಮೆಯವರು ಹಾಲು ಎಂದೇ ಅನ್ನುತ್ತಾರೆ) ಅವನು ದೂರ ನಿಂತು ಗುಳ್ಳೆಯ ಸಪ್ಪಳ ಕೇಳಿಯೇ ಇನ್ನೆಷ್ಟು ಹೊತ್ತು ಎಂದು ಹೇಳಬಲ್ಲವನು. ಕಡೆಗೆ ಒಂದು ಹನಿ ನಾಲಗೆಗಿಟ್ಟು "ಇಳಸ್ರಿ" ಎಂದನೆಂದರೆ ಮುಗಿಯಿತು. ಇಪ್ಪತ್ತು ವರ್ಷಗಳಲ್ಲಿ ಒಂದು ಕೊಪ್ಪರಿಗೆಯೂ ಕೆಟ್ಟಿರಲಿಲ್ಲ. ಈ ವರ್ಷ ಗಾಣ ಹೂಡಿದ ಮೂರನೆಯ ದಿನವೇ ಕೆಟ್ಟಿತು. ಅವನು "ಇಳಸ್ರಿ" ಎಂದ ಪಾಕ ಅಚ್ಚಿನಲ್ಲಿ ಗಟ್ಟಿಯಾಗಲೇ ಇಲ್ಲ. ಮರುದಿನವೂ ಕಾಕವಿಯಂತೆ ಹರಿದಾಡುತ್ತಿತ್ತು. ಆ ಸಂಜೆ ಉದ್ದಪ್ಪ ಹೆಂಡತಿಗೆ ಹೇಳಿದ: "ನಾಲಗಿ ಮ್ಯಾಲೆ ತಾಮ್ರದ ದುಡ್ಡು ಇಟ್ಟಂಗ ಆಗೇತಿ. ಬೆಲ್ಲದ ಸೀ ನನಗ ಗೊತ್ತ ಆಗವಲ್ಲದು." ಅದಕ್ಕೇ ಈಗ ಅವರು ಗೋಕಾಕಕ್ಕೆ, ಕೇದಾರಿ ಡಾಕ್ಟರ ದವಾಖಾನೆಗೆ ಹೊರಟಿದ್ದು.

ಆದರೂ ರಾಯವ್ವನ ಮನಸ್ಸಿನಲ್ಲಿ ಹೆದರಿಕೆ ಇರಲಿಲ್ಲ. ಅವಳ ಉಡಿಯಲ್ಲಿ ಎರಡು ವಸ್ತುಗಳಿದ್ದವು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಸಪೂರ ಗಾಜಿನ ನಳಿಗೆ. ದಾರದಲ್ಲಿ ಕಟ್ಟಿದ ಹದಿನೇಳು ಕಸಬರಿಗೆ ಕಡ್ಡಿ. ರೋಗ ಇಳಿದಿದೆ ಎಂಬುದಕ್ಕೆ ಆ ಕಡ್ಡಿಗಳೇ ಸಾಕ್ಷಿ ಎಂದು ಅವಳು ನಂಬಿದ್ದಳು.

ಶ್ರಾವಣದಲ್ಲಿ ಉದ್ದಪ್ಪನ ಮುಖ, ಕಾಲು ಬಾತುಕೊಂಡಾಗ ಇಬ್ಬರೂ ಮೊದಲ ಸಲ ಗೋಕಾಕಕ್ಕೆ ಹೋಗಿದ್ದರು. ಡಾಕ್ಟರು ಅವನ ಮೂತ್ರವನ್ನು ನಳಿಗೆಯಲ್ಲಿ ಹಾಕಿ ದೀಪದ ಮೇಲೆ ಕಾಯಿಸಿ, ನಾಲ್ಕು ಹನಿ ಹುಳಿ ಬಿಟ್ಟರು. ನೋಡುನೋಡುತ್ತಿದ್ದಂತೆ ಅದು ಮಜ್ಜಿಗೆಯಂತೆ ಬೆಳ್ಳಗಾಯಿತು. "ಮೂತ್ರಪಿಂಡ ಜಡ್ಡಿಗೆ ಬಿದ್ದಾವು. ರಕ್ತದಾಗಿನ ಸತ್ವ ಹಿಂಗ ಸೋರಿ ಹೊಂಟೈತಿ" ಎಂದರು. ಉಪ್ಪು ಬಿಡಿಸಿದರು. ರಕ್ತವನ್ನೂ ತೆಗೆದು, ಪರೀಕ್ಷೆಗೆಂದು ಮಿರಜಕ್ಕೆ ಹೋಗುವ ಗಾಡಿಯಲ್ಲಿ ಕಳಿಸಿದರು. ವಾರ ವಾರ ಇಷ್ಟು ದೂರ ಬರಲಾಗದೆಂದು ರಾಯವ್ವನಿಗೇ ಆ ಪರೀಕ್ಷೆ ಕಲಿಸಿ, ನಳಿಗೆಯನ್ನು ಅವಳ ಕೈಗೆ ಕೊಟ್ಟರು.

"ಪುಣೇದಿಂದ ತರಿಸಿದ್ದು ತಂಗಿ. ನನ್ನ ಕಡೆ ಎರಡ ಅದಾವು. ಇದರ ಕೆಲಸಾ ಮುಗದ ದಿನ ತಂದು ಕೊಡು. ಎರಡು ತಿಂಗಳಿಗೆ ಮತ್ತ ಬಾ, ರಕ್ತಾ ಇನ್ನೊಮ್ಮೆ ನೋಡಬೇಕು."

ರಾಯವ್ವನಿಗೆ ಅಕ್ಷರ ಬಾರದು. ಅವಳು ಪ್ರತಿ ಸೋಮವಾರ ಇಷ್ಟಲಿಂಗದ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನಳಿಗೆ ಕಾಯಿಸುತ್ತಿದ್ದಳು. ಮರುದಿನ ಬಿಳಿ ಗಸಿ ತಳದಲ್ಲಿ ಕುಳಿತ ಮೇಲೆ ಅದರ ಎತ್ತರಕ್ಕೆ ಒಂದು ಕಡ್ಡಿ ಮುರಿದು ಜಗಲಿಯ ಗೂಡಿನಲ್ಲಿ ಇಡುತ್ತಿದ್ದಳು. ಮೊದಲನೆಯ ಕಡ್ಡಿ ಅವಳ ಬೆರಳಿನ ಎರಡು ಗೆಣ್ಣಿನಷ್ಟಿತ್ತು. ಮಹಾನವಮಿಯ ಹೊತ್ತಿಗೆ ಒಂದು ಗೆಣ್ಣಾಯಿತು. ಬಾವೂ ಇಳಿಯಿತು.

ಉದ್ದಪ್ಪ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದ್ದ. "ನೋಡ, ಕೊಪ್ಪರಿಗಿ ಕುದ್ದಾಗ ಮೊದಲ ಕೊಳಿ ನೊರಿ ಆಗಿ ಬುರುಬುರು ಮ್ಯಾಲೆ ಬರತೈತಿ. ಬೆಂಡಿ ಲೋಳಿ ಹಾಕಿ ತಗದಂಗ ತಗದಂಗ ಕಮ್ಮಿ ಆಗತೈತಿ. ಕೊಳಿ ಬರೂದು ನಿಂತ್ರ ಹಾಲು ಶುದ್ಧ ಆತು ಅಂತ. ನನ್ನ ಮೈಯಾಗಿಂದೂ ಹೊಲಸು ಹೊಂಟೈತಿ."

ಇಪ್ಪತ್ತು ವರ್ಷ ತಪ್ಪದ ಕಣ್ಣು ಅದು. ರಾಯವ್ವ ಯಾಕೆ ಸಂಶಯಪಟ್ಟಾಳು? ಎರಡು ತಿಂಗಳು ಕಳೆಯಿತು, ಮೂರೂ ಕಳೆಯಿತು. ಅವರು ಗೋಕಾಕಕ್ಕೆ ಹೋಗಲಿಲ್ಲ. ಕಾರ್ತಿಕದ ಕಡೆಯ ಕಡ್ಡಿ ಜೋಳದ ಕಾಳಿನಷ್ಟಾಯಿತು. ಆ ದಿನ ಅವಳು ಐದು ಮಂದಿ ಜಂಗಮರಿಗೆ ಪ್ರಸಾದ ಮಾಡಿಸಿದ್ದಳು.

ಮಂಜು ಕರಗಿ ಗೋಕಾಕದ ಬೆಟ್ಟ ಕಾಣಿಸಿಕೊಂಡಾಗ ಹೊತ್ತು ಮಾರುದ್ದ ಏರಿತ್ತು.

ಕೇದಾರಿ ಡಾಕ್ಟರು ಮಾತು ಕಡಿಮೆಯ ಮನುಷ್ಯ. ರಾಯವ್ವ ದಾರ ಬಿಚ್ಚಿ ಮೇಜಿನ ಮೇಲೆ ಕಡ್ಡಿಗಳನ್ನು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದಳು. ಕಡೆಯ ಕಡ್ಡಿಯನ್ನು ಉಗುರಿನಿಂದ ಮುಂದೆ ಸರಿಸಿ, "ಇಷ್ಟ ಉಳದೈತ್ರಿ ಡಾಕ್ಟರ್ರ" ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು.

ಡಾಕ್ಟರು ಹದಿನೇಳನ್ನೂ ನೋಡಿದರು. ಆದರೆ ನಗಲಿಲ್ಲ. "ರಾತ್ರಿ ಎಷ್ಟ ಸಲ ಎದ್ದು ಹೊರಗ ಹೋಗತಿ ಉದ್ದಪ್ಪಾ?"

"ನಾಕೈದು ಸಲ ಆಗತೈತ್ರಿ. ಬಾವಿ ನೀರಿನಂಗ ತಿಳಿ ಬರತೈತ್ರಿ."

ಡಾಕ್ಟರು ಅವನ ಮೂತ್ರವನ್ನು ಅಗಲವಾದ ಗಾಜಿನಲ್ಲಿ ತರಿಸಿ, ಅದರಲ್ಲಿ ಗಟ್ಟಿತನ ಅಳೆಯುವ, ಗೆರೆ ಕೊರೆದ ಒಂದು ಸಣ್ಣ ಗಾಜಿನ ಬುರುಡೆ ತೇಲಿಬಿಟ್ಟರು. ಅದು ಕುತ್ತಿಗೆಯವರೆಗೆ ಮುಳುಗಿತು. ಬಾಜೂಕ್ಕೆ ಬರೀ ಕುಡಿಯುವ ನೀರು ಇಟ್ಟು ಅದರಲ್ಲಿ ಬಿಟ್ಟರು. ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಮುಳುಗಿತು. ಆಮೇಲೆ ರಟ್ಟೆಗೆ ಪಟ್ಟಿ ಕಟ್ಟಿ ರಕ್ತ ತೆಗೆದರು. "ಕಾಗದಾ ಬರೂತನಕಾ ಊರಿಗೆ ಹೋಗಬ್ಯಾಡ್ರಿ" ಎಂದರು.

ಮೂರು ದಿನ ಅವರು ಮಠದ ಪಡಸಾಲೆಯಲ್ಲಿ ಉಳಿದರು. ಉದ್ದಪ್ಪನಿಗೆ ರೊಟ್ಟಿ ಸೇರಲಿಲ್ಲ, ಗಂಜಿಯೂ ನಿಲ್ಲಲಿಲ್ಲ. ಗುರುವಾರ ಕಾಗದ ಬಂತು.

ಡಾಕ್ಟರು ಶ್ರಾವಣದ ಕಾಗದವನ್ನೂ ಹೊರಗೆ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟರು. ಅಕ್ಷರ ಬಾರದವಳಿಗೆ ಅಂಕಿ ಹೇಗೆ ಹೇಳುವುದೆಂದು ಅರೆಗಳಿಗೆ ಯೋಚಿಸಿದಂತೆ ಕಂಡರು. ಎದ್ದು ಮೂಲೆಯ ಕಸಬರಿಗೆಯಿಂದ ಎರಡು ಕಡ್ಡಿ ಕಿತ್ತರು. ಒಂದನ್ನು ಬೆರಳುದ್ದಕ್ಕೆ ಮುರಿದು ಹಳೆಯ ಕಾಗದದ ಮೇಲಿಟ್ಟರು. ಇನ್ನೊಂದನ್ನು ಗೇಣಿಗಿಂತ ಉದ್ದಕ್ಕೆ ಮುರಿದು ಹೊಸ ಕಾಗದದ ಮೇಲಿಟ್ಟರು. ಅದು ಕಾಗದದ ಆಚೆ ಚಾಚಿಕೊಂಡಿತು.

"ತಂಗಿ, ನಿನ್ನ ಕಡ್ಡಿ ಸುಳ್ಳಲ್ಲ. ನೀ ಅಳದಿದ್ದು ಖರೆ ಐತಿ. ಆದರ ಅದು ಹೊರಗ ಬರೂದರ ಅಳತಿ. ಇದು ಒಳಗ ಉಳಿಯೂದರ ಅಳತಿ. ಮೂತ್ರದಾಗ ಹೋಗಬೇಕಾದ ಹೊಲಸು ರಕ್ತದಾಗ ಎಷ್ಟ ನಿಂತೈತಿ ಅಂತ ಇದು ಹೇಳತೈತಿ. ನಲವತ್ತರ ಒಳಗ ಇರಬೇಕು. ಶ್ರಾವಣದಾಗ ಅರವತ್ನಾಕಿತ್ತು. ಈಗ ಇನ್ನೂರಾ ಹದಿನೆಂಟು."

ರಾಯವ್ವ ಒಂದು ಕಡೆ ಇಳಿದುಹೋದ ತನ್ನ ಕಡ್ಡಿಗಳನ್ನೂ, ಇನ್ನೊಂದು ಕಡೆ ಬೆಳೆದ ಆ ಕಡ್ಡಿಯನ್ನೂ ನೋಡಿದಳು. "ಒಂದು ಇಳದ್ರ ಇನ್ನೊಂದು ಹ್ಯಾಂಗ ಏರತೈತ್ರಿ ಯಪ್ಪಾ?"

ಡಾಕ್ಟರು ಉದ್ದಪ್ಪನ ಕಡೆ ತಿರುಗಿದರು. "ನೀ ಕಬ್ಬಿನ ಹಾಲು ಅರಬ್ಯಾಗ ಸೋಸತಿ, ಹೌದಲ್ಲೋ? ಮೂತ್ರಪಿಂಡನೂ ಹಂಗ, ಸೋಸೂ ಅರಬಿ. ಮೊದಲ ಅರಬಿ ಅಲ್ಲಲ್ಲಿ ಹರದಿತ್ತು, ಸತ್ವ ಸೋರತಿತ್ತು. ಅದ ಆ ಬಿಳೇದು. ಈಗ ಅರಬೀನ ಜಡ್ಡುಗಟ್ಟಿ ಮುಚಕೊಂಡೈತಿ. ಸತ್ವನೂ ದಾಟವಲ್ಲದು, ಹೊಲಸೂ ದಾಟವಲ್ಲದು. ಬರೇ ನೀರು ದಾಟತೈತಿ."

ಉದ್ದಪ್ಪ ಮೆಲ್ಲಗೆ, ಗಾಣದಲ್ಲಿ ಹದ ಹೇಳುವ ದನಿಯಲ್ಲೇ ಹೇಳಿದ: "ಖರೆ ಐತ್ರಿ. ಒಣಗಿದ ಕಬ್ಬಿನ ಹಾಲಿಗೂ ಕೊಳಿ ಬರೂದಿಲ್ಲ. ತಿಳಿ ಇರತೈತಿ. ಆದರ ಬೆಲ್ಲಾ ಕಟ್ಟೂದಿಲ್ಲ. ನನಗಿದು ಗೊತ್ತಿತ್ರಿ. ಗೊತ್ತಿದ್ದೂ ನೆನಪ ಆಗಲಿಲ್ಲ."

ರಾಯವ್ವ ಮೇಜಿನ ಅಂಚು ಹಿಡಿದುಕೊಂಡಳು. ಅವಳಿಗೆ ಬೇಕಾದದ್ದು ಒಂದೇ ಉತ್ತರ. "ಎರಡ ತಿಂಗಳಿಗೆ ಬಾ ಅಂದಿದ್ರಿ. ನಾ ಬರಲಿಲ್ಲ. ಬಂದಿದ್ರ ಉಳೀತಿದ್ರೇನ್ರಿ ಇವ್ರು?"

ಡಾಕ್ಟರು ಕನ್ನಡಕ ತೆಗೆದರು. "ಈ ಜಡ್ಡಿಗೆ ನನ್ನ ಕಡೆ ಮದ್ದಿಲ್ಲ ತಂಗಿ. ಮಿರಜದಾಗೂ ಇಲ್ಲ, ಮುಂಬಯಿದಾಗೂ ಇಲ್ಲ. ನೀ ಬಂದಿದ್ರ ನನಗ ಮೊದಲ ಗೊತ್ತ ಆಗತಿತ್ತು. ಇಂವ ಬೆಂಕಿ ಮುಂದ ನಿಲ್ಲೂದು ತಪ್ಪತಿತ್ತು. ಸ್ವಲ್ಪ ದಿನಾ ಹಗರ ಆಗತಿತ್ತೇನೋ. ಉಳೀತಿದ್ದಿಲ್ಲ."

ಸಾಂತ್ವನಕ್ಕೆಂದು ಅವರು ಆ 'ಸ್ವಲ್ಪ ದಿನ'ವನ್ನು ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ. ರಾಯವ್ವ ಮುಂದೆ ಬಹಳ ವರ್ಷ ಅದಕ್ಕಾಗಿ ಅವರನ್ನು ನೆನೆದಳು.

ಹಿಂದಿರುಗುವಾಗ ಸತ್ತೆಪ್ಪ ಎತ್ತುಗಳನ್ನು ನಿಧಾನಕ್ಕೆ ನಡೆಸಿದ. ಕಬ್ಬಿನ ಹೊಲ ಶುರುವಾದಲ್ಲಿ ರಾಯವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಂದಳು: "ಹದಿನೇಳು ವಾರ ಶಿವಾಗ ಕೈ ಮುಗದ್ನಿ, ಕಡ್ಡಿ ಸಣ್ಣ ಮಾಡ್ಯಾನಂತ. ನಾ ಏನ ಬೇಡಕೊಂಡ್ನಿ, ಅಂವ ಏನ ಕೊಟ್ಟ!"

ಉದ್ದಪ್ಪ ಕೌದಿಯೊಳಗಿಂದ ಕೈ ಚಾಚಿ ಅವಳ ಮೊಣಕಾಲಿನ ಮೇಲಿಟ್ಟ. "ಕಡ್ಡಿ ಮುರದಾಕಿ ನೀ. ಹದಾ ಹೇಳಿದಂವ ನಾ. ಕೊಪ್ಪರಿಗಿ ಕೆಟ್ರ ಒಲಿಗೆ ಬೆಂಕಿ ಹಾಕಿದಂವನ್ನ ಬೈತಾರೇನ? ಕೇಳ ಸತ್ತೆಪ್ಪನ್ನ."

"ನನ್ನ ಬೈಯದ ದಿನಾ ಯಾವದಪ್ಪಾ ನೀ?" ಎಂದ ಸತ್ತೆಪ್ಪ, ತಿರುಗಿ ನೋಡದೆ.

"ಆ ಹದಿನೇಳು ವಾರ ನಾವು ನಕ್ಕೊಂತ ಇದ್ದಿವಿ" ಎಂದ ಉದ್ದಪ್ಪ. "ಅದೂ ಅಂವ ಕೊಟ್ಟದ್ದ. ಹೊಳ್ಳಿ ಕೇಳಬ್ಯಾಡ."

ಆ ಮೇಲಿನ ದಿನಗಳನ್ನು ಹೆಚ್ಚು ಹೇಳುವುದಿಲ್ಲ. ಉದ್ದಪ್ಪ ಗಾಣಕ್ಕೆ ಹೋಗಲಿಲ್ಲ. ಗಾಳಿ ಆ ಕಡೆಯಿಂದ ಬೀಸಿ ಪಾಕದ ವಾಸನೆ ತಂದಾಗ ಮುಖ ತಿರುಗಿಸುತ್ತಿದ್ದ, ಆದರೆ ಕಿವಿ ಅತ್ತಲೇ ಇರುತ್ತಿತ್ತು. ಒಮ್ಮೆ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ "ಇಳಸ್ರಿ" ಎಂದ. ಸ್ವಲ್ಪ ಹೊತ್ತಿನಲ್ಲೇ ಗಾಣದಲ್ಲಿ ಕೊಪ್ಪರಿಗೆ ಇಳಿಸುವ ಗದ್ದಲ ಕೇಳಿತು. ಕಡೆಗೆ ಬಿಕ್ಕಳಿಕೆ ಹತ್ತಿತು, ಎರಡು ದಿನ ಬಿಡಲಿಲ್ಲ. ಸಂಕ್ರಾಂತಿಗೆ ಐದು ದಿನ ಇರುವಾಗ ಅದು ನಿಂತಿತು. ಅಂಗೈಯಲ್ಲಿ ಲಿಂಗ ಇಟ್ಟು, ಮೈಗೆಲ್ಲ ವಿಭೂತಿ ಹಚ್ಚಿ, ಅವನ ಹೊಲದಲ್ಲೇ ಸಮಾಧಿ ಮಾಡಿದರು. ರಾಯವ್ವ ಗೋಕಾಕದಿಂದ ಮರಳಿ ತಂದು ಜಗಲಿಯ ಗೂಡಿನಲ್ಲಿಟ್ಟಿದ್ದ ಕಡ್ಡಿಗಳನ್ನು ತೆಗೆದು ಮಣ್ಣು ಎಳೆಯುವ ಮುಂಚೆ ಅವನ ಪಾದದ ಬಳಿ ಇಟ್ಟಳು.

ಮಾಘದಲ್ಲಿ ಒಂದು ದಿನ ಸತ್ತೆಪ್ಪನ ಚಕ್ಕಡಿ ಮತ್ತೆ ಗೋಕಾಕದ ದವಾಖಾನೆಯ ಮುಂದೆ ನಿಂತಿತು. ಒಳಗೆ ಡಾಕ್ಟರು ಯಾರನ್ನೋ ನೋಡುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಒಬ್ಬ ಮುದುಕಿ, ಮುಖ ಬಾತ ಮಗಳನ್ನು ಒರಗಿಸಿಕೊಂಡು ಕುಳಿತಿದ್ದಳು. ಹುಕ್ಕೇರಿ ಕಡೆಯವರು, ಮುದುಕಿಯ ಹೆಸರು ಯಮನವ್ವ.

"ಮೂತ್ರಾ ಕಾಸಿ ನೋಡ್ತಾರಂತಲ್ಲವಾ" ಎಂದಳು ಯಮನವ್ವ, "ಬೆಳ್ಳಗ ಆದ್ರ ಕೆಟ್ಟಂತ. ತಿಳಿ ಇದ್ರ ಚಲೋ ಅಂತ. ಹೌದೇನು?"

ರಾಯವ್ವ ಆ ಹುಡುಗಿಯ ಕಾಲನ್ನು ನೋಡಿದಳು. ಹೆಬ್ಬೆರಳಿನಿಂದ ಒತ್ತಿದಳು, ಗುಳಿ ಬಿದ್ದು ಹಾಗೇ ಉಳಿಯಿತು.

"ಅದು ಒಂದ ನೋಡಿ ಮನಿಗೆ ಹೋಗಬ್ಯಾಡ ಯವ್ವಾ" ಎಂದಳು. "ರಕ್ತದ ಕಾಗದಾನೂ ಕೇಳು. ಹಿಂದಿಂದು, ಈಗಿಂದು, ಎರಡೂ ಬಾಜೂಬಾಜೂ ಇಟ್ಟು ತೋರಸ್ರಿ ಅನ್ನು. ಅವರು ಬಾ ಅಂದ ದಿನಾ ಬಾ. ಚಲೋ ಆಗೇತಿ ಅನಿಸಿದ್ರೂ ಬಾ."

ಮುದುಕಿ ಮತ್ತೇನೋ ಕೇಳುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮೂವರೂ ಎದ್ದರು. ಡಾಕ್ಟರು ಮೇಜಿನ ಮೇಲೆ ದೀಪ ಹೊತ್ತಿಸುತ್ತಿದ್ದರು. ರಾಯವ್ವನನ್ನು ಕಂಡರು, ಅವಳ ಕುಂಕುಮವಿಲ್ಲದ ಹಣೆಯ ಮೇಲಿನ ವಿಭೂತಿಯನ್ನು ಕಂಡರು.

ಅವಳು ಉಡಿಯಿಂದ ಧೋತರದ ತುಂಡು ತೆಗೆದು ಬಿಚ್ಚಿದಳು. ಬೂದಿ ಹಾಕಿ ತಿಕ್ಕಿ ತೊಳೆದ ನಳಿಗೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅದನ್ನು ಡಾಕ್ಟರ ಅಂಗೈಯಲ್ಲಿಟ್ಟು, ಖಾಲಿ ಬಟ್ಟೆಯನ್ನು ಮಡಚಿಕೊಂಡು ಹೊರಗೆ ನಡೆದಳು.