ಅಗಿಯುವ ಸದ್ದು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮ ಬಡಗಿಗೆ ಎರಡೂ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ತಟ್ಟೆ ಹಿಡಿದುಕೊಂಡು ಮನೆಯ ಹಿಂದಿನ ಕಾರ್ಖಾನೆಗೆ ಹೋಗಿ, ಅರ್ಧಂಬರ್ಧ ಮಾಡಿಟ್ಟ ಕುರ್ಚಿಗಳ ನಡುವೆ ನಿಂತು ಉಣ್ಣುವ ಅಭ್ಯಾಸ ಹಚ್ಚಿಕೊಂಡ. ಹೆಂಡತಿ ಕೇಳಿದರೆ, "ಅಂಟು ಒಣಗ್ತಾ ಇದೆ, ನೋಡ್ಕೋಬೇಕು" ಅನ್ನುತ್ತಿದ್ದ. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಅವಳಿಗೂ ಒಂದು ಮಗುವಾಯಿತು. ಅಂಟು ಮಾತ್ರ ಒಣಗಲೇ ಇಲ್ಲ. "ಅದ್ಯಾವ ಅಂಟಪ್ಪಾ ಅದು, ನಮಗೂ ಒಂದು ಡಬ್ಬಿ ಕೊಡು" ಎಂದು ಹೆಂಡತಿಯ ಅಕ್ಕ ಬಂದಾಗಲೆಲ್ಲ ಕಾಲೆಳೆಯುತ್ತಿದ್ದಳು. ಹೆಂಡತಿ ನಗುತ್ತಿದ್ದಳು. ಆಮೇಲೆ ಒಬ್ಬಳೇ ಮೇಜಿಗೆ ಕೂತು ಉಣ್ಣುತ್ತಿದ್ದಳು.

ಗುಟ್ಟು ರಟ್ಟಾದದ್ದು ಮೊಮ್ಮಗಳಿಂದ. ಮಿಕ್ಸರ್ ತಿರುಗಿದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ, ಕಾಲರಿನ ಚೀಟಿ ಚುಚ್ಚುತ್ತದೆಂದು ಹೊಸ ಬಟ್ಟೆಯನ್ನೂ ಕಿತ್ತೆಸೆಯುತ್ತಾಳೆ ಎಂದು ಮಗಳು ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ವಿವರಿಸುತ್ತಿದ್ದಳು. "ಮನೇಲಿ ಇನ್ಯಾರಾದರೂ ಹೀಗಿದ್ದಾರಾ?" ಎಂದು ಆಕೆ ಕೇಳಿದ್ದೇ ತಡ, ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು. ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು ತಾಳಲಾರದೆ ಬಡಗಿ ಬಾಗಿಲಾಚೆ ನಿಂತಿದ್ದ. ಅವನ ಅಂಗಿಗಳಲ್ಲಿ ಒಂದಕ್ಕೂ ಚೀಟಿ ಇರಲಿಲ್ಲ, ತಂದ ದಿನವೇ ಕತ್ತರಿಸಿ ಬಿಸಾಡುವುದು ಅವನ ಪದ್ಧತಿ.

ಆಮೇಲೆ ಅವನೊಬ್ಬನೇ ಡಾಕ್ಟರಮ್ಮನ ಹತ್ತಿರ ಹಲವು ಸಲ ಹೋಗಿಬಂದ. ಐವತ್ತು ದಾಟಿದ ಮೇಲೆ, ತನಗಿರುವುದು ಆಟಿಸಂ ಎಂದು ಗೊತ್ತಾಯಿತು. ಅವನಿಗೆ ದುಃಖವಾಗಲಿಲ್ಲ, ನೆಮ್ಮದಿಯಾಯಿತು. ಸೊಕ್ಕಿನವನು, ಮೂಗಿನ ತುದಿಯಲ್ಲಿ ಸಿಟ್ಟಿರುವವನು ಎಂದು ಜನ ಅಂದದ್ದನ್ನೆಲ್ಲ ಅವನೂ ನಂಬಿದ್ದ.

"ಇದಕ್ಕೆ ಗುಳಿಗೆ ಇಲ್ಲ" ಎಂದರು ಡಾಕ್ಟರಮ್ಮ. "ನಿಮಗೆ ಯಾವುದು ತಡ್ಕೊಳ್ಳೋಕೆ ಆಗಲ್ಲ ಅಂತ ಗೊತ್ತು ಮಾಡ್ಕೊಳ್ಳಿ. ಮನೆಯವರ ಹತ್ರ ಮುಚ್ಚಿಡಬೇಡಿ, ಹೇಳಿಬಿಡಿ." ಹೇಗೆ ಹೇಳಬೇಕು ಅನ್ನುವುದನ್ನು ಆಕೆ ಹೇಳಲಿಲ್ಲ, ಇವನು ಕೇಳಲಿಲ್ಲ. ಮನೆಗೆ ಬಂದವನೇ, ಚಪ್ಪಲಿ ಬಿಡುವ ಮೊದಲೇ, ಕಡ್ಡಿ ಮುರಿದ ಹಾಗೆ ಹೇಳಿದ.

"ಅಂಟೂ ಇಲ್ಲ ಗಿಂಟೂ ಇಲ್ಲ. ನೀನು ಅಗಿಯೋ ಸದ್ದು ನನಗೆ ತಡ್ಕೊಳ್ಳೋಕೆ ಆಗಲ್ಲ. ಎದ್ದು ಓಡಿಹೋಗ್ಬೇಕು ಅನ್ಸುತ್ತೆ. ಅದಕ್ಕೇ ಹಿಂದುಗಡೆ ಹೋಗ್ತಿದ್ದೆ."

ಎದೆಯ ಮೇಲಿನ ಭಾರ ಇಳಿಯಿತು ಅಂದುಕೊಂಡ. ಇಳಿದ ಭಾರ ಎಲ್ಲಿ ಹೋಗಿ ಕೂತಿತೆಂದು ನೋಡಲಿಲ್ಲ.

ಮೊದಲು ಮನೆಗೆ ಸೌತೆಕಾಯಿ ಬರುವುದು ನಿಂತಿತು. ಹೆಂಡತಿಗೆ ಅದೆಂದರೆ ಪ್ರಾಣ. ಆಮೇಲೆ ಅವಳು ಮೆತ್ತಗೆ ಬೇಯಿಸಿದ್ದನ್ನಷ್ಟೇ, ಅದೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿನ್ನತೊಡಗಿದಳು. ಆಮೇಲಾಮೇಲೆ ತಿಂದಳೋ ಬಿಟ್ಟಳೋ ತಿಳಿಯುವಂತಿರಲಿಲ್ಲ. ರವಿಕೆಯ ತೋಳು ಸಡಿಲವಾಗಿದ್ದು ಬಡಗಿಯ ಕಣ್ಣಿಗೂ ಬಿತ್ತು. ಬಾಗಿಲು ಹಾಕುವುದೂ ಮೆಲ್ಲಗೆ, ಪಾತ್ರೆ ಇಡುವುದೂ ಮೆಲ್ಲಗೆ. ಮನೆ ಅವನಿಗೆ ಬೇಕಾದ ಹಾಗೇ ಸದ್ದಿಲ್ಲದೆ ಇತ್ತು, ಅವನಿಗೆ ಹೆದರಿಕೆಯಾಗುತ್ತಿತ್ತು.

ಒಂದು ಸಂಜೆ ಅವಳು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. "ನಾಳೆ ಅಕ್ಕನ ಮನೆಗೆ ಹೋಗ್ತೀನಿ" ಅಂದಳು. "ಅಲ್ಲಾದ್ರೆ ಬಾಯ್ತುಂಬ ಉಣ್ಣಬಹುದು."

"ಯಾವಾಗ ಬರ್ತೀಯ?"

"ನೋಡೋಣ."

ಎಷ್ಟೋ ಮಾತು ಬಡಗಿಯ ತಲೆಗೆ ಹೋಗುವುದಿಲ್ಲ. ಆದರೆ ಈ 'ನೋಡೋಣ' ಬರಲ್ಲ ಅನ್ನುವುದಕ್ಕೆ ಹತ್ತಿರದ್ದು ಎಂದು ಅವನಿಗೂ ಹೊಳೆಯಿತು. ಎದ್ದು ಹೊರಗೆ ಹೋದವನು ಸೌತೆಕಾಯಿ ಹಿಡಿದು ಬಂದ. ತಲೆಯ ಮೇಲೆ, ಗರಗಸದ ಮಿಷನ್ ಮುಂದೆ ನಿಲ್ಲುವಾಗ ಹಾಕಿಕೊಳ್ಳುವ ದಪ್ಪ ಕಿವಿಮುಚ್ಚಳ. ಕಾಯಿ ಹೆಚ್ಚಿ, ಮೇಜಿಗೆ ಎರಡು ತಟ್ಟೆ ಹಾಕಿ ಕೂತ.

"ಇದೇನ್ರೀ ವೇಷ!"

"ಸದ್ದು ಬರಲ್ಲ. ಕೂತ್ಕೋ, ತಿನ್ನು."

ಹಸಿದಿದ್ದಳು, ಕೂತಳು. ಮೊದಲು ಕಳ್ಳಿಯ ಹಾಗೆ ಒಂದು ಹೋಳು ಬಾಯಿಗಿಟ್ಟಳು. ಅವನು ಮುಖ ಕಿವುಚಲಿಲ್ಲ. ಇನ್ನೊಂದು ಹೋಳು ಕಟುಂ ಎಂದು ಕಚ್ಚಿದಳು. ಅವಳು ಬಲಗಡೆಯ ಹಲ್ಲಿನಲ್ಲಷ್ಟೇ ಅಗಿಯುತ್ತಾಳೆ ಎಂಬುದನ್ನು ಬಡಗಿ ಕಂಡದ್ದು ಅವತ್ತೇ. ಹೊಟ್ಟೆಗೆ ಬಿದ್ದಂತೆ ಅವಳಿಗೆ ಧೈರ್ಯ ಬಂತು. ಕಿವಿ ಮುಚ್ಚಿದವನ ಮುಂದೆ ಏನು ಹೇಳಿದರೇನು ಎಂದು ಬಾಯಿ ಬಿಟ್ಟಳು.

"ಹೊಸದರಲ್ಲಿ ನನ್ನ ಮೈ ವಾಸನೆ ಬರುತ್ತೇನೋ ಅಂದ್ಕೊಂಡಿದ್ದೆ ಕಣ್ರೀ. ದಿನಕ್ಕೆ ಎರಡೆರಡು ಸಲ ಸ್ನಾನ ಮಾಡ್ತಿದ್ದೆ. ಇದ್ದಬದ್ದ ಘಮಘಮ ಸೋಪೆಲ್ಲ ತಂದೆ. ಅವನ್ನೂ ಹೆಗ್ಗಣ ಹೊತ್ಕೊಂಡು ಹೋಗೋದು. ಆಮೇಲೆ ನಿಮಗೆ ಬೇರೆ ಯಾರೋ ಇದ್ದಾಳೆ ಅಂದ್ಕೊಂಡೆ. ಈ ಮಹಾರಾಯನ್ನ ಇನ್ಯಾರು ಕಟ್ಕೋತಾಳೆ ಅಂತ ಅದನ್ನೂ ಬಿಟ್ಟೆ." ನಕ್ಕಳು. ನಗು ಅಲ್ಲಿಗೇ ನಿಂತಿತು. "ಡಾಕ್ಟ್ರು ಹೇಳಿದ್ಮೇಲೆ ಎಲ್ರೂ ನಿಮಗೆ ಅಯ್ಯೋ ಪಾಪ ಅಂದ್ರು. ಅನ್ಲಿ. ಇಷ್ಟು ವರ್ಷ ಒಬ್ಬಳೇ ಕೂತು ಉಂಡೋಳು ನಾನು. ನನ್ನ ಒಬ್ರಾದ್ರೂ ಕೇಳಿದ್ರಾ?"

ಆ ಕಿವಿಮುಚ್ಚಳದ ಗುಣ ಅವಳಿಗೆ ಗೊತ್ತಿರಲಿಲ್ಲ. ಗರಗಸದ ಅಬ್ಬರ ತಗ್ಗುತ್ತದೆ, ಸಣ್ಣಪುಟ್ಟ ಸದ್ದು ಒಳಗೇ ಬರುವುದಿಲ್ಲ, ಆದರೆ ಎದುರಿಗಿದ್ದವರ ಮಾತು ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತಲೇ ಇರುತ್ತದೆ. ಕೆಲಸಗಾರರು ತನ್ನನ್ನು ಬೈಯುವುದನ್ನು ಬಡಗಿ ಹೀಗೇ ಕೇಳಿಸಿಕೊಂಡು, ತಿಂಗಳಾದರೆ ಸಂಬಳವನ್ನೂ ಕೊಡುತ್ತಿದ್ದ.

ಕೇಳಿಸದವನಂತೆ ಕೂತಿದ್ದರೆ ಅವಳಿಗೂ ಮುಜುಗರವಿಲ್ಲ, ಇವನಿಗೂ ಪೀಕಲಾಟವಿಲ್ಲ. ಆದರೆ ಅದು ಇನ್ನೊಂದು ಡಬ್ಬಿ ಅಂಟಾಗುತ್ತಿತ್ತು.

"ಕೇಳಿಸ್ತು" ಅಂದ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಎಷ್ಟು?"

"ಎಲ್ಲಾ. ತಿನ್ನೋ ಸದ್ದು ಬರಲ್ಲ, ಮಾತು ಬರುತ್ತೆ."

ಅವಳ ಮುಖ ಕೆಂಪಗಾಯಿತು. ಕುರ್ಚಿ ಹಿಂದೆ ತಳ್ಳಿ ಎದ್ದಳು. ಬಡಗಿ ತಟ್ಟೆ ನೋಡುತ್ತಾ ಹೇಳಿದ: "ಸೋಪು ಹೆಗ್ಗಣ ಒಯ್ಯಲಿಲ್ಲ. ನಾನೇ ಎಸೀತಿದ್ದೆ."

"ಯಾಕೆ?"

"ಅದರ ಘಾಟಿಗೆ ನಿನ್ನ ವಾಸನೆ ಸಿಗ್ತಿರಲಿಲ್ಲ. ನನಗೆ ಪೇಂಟ್ ಆಗಲ್ಲ, ಫಿನಾಯಿಲ್ ಆಗಲ್ಲ, ಬಸ್ಸು ಹತ್ತಿದ್ರೆ ತಲೆ ಸಿಡಿಯುತ್ತೆ. ನಿನ್ನ ವಾಸನೆ ಒಂದೇ ಆಗೋದು. ಅದಿಲ್ದಿದ್ರೆ ನಿದ್ದೆ ಬರಲ್ಲ."

ಅವಳು ಕುರ್ಚಿ ಹಿಡಿದು ನಿಂತೇ ಇದ್ದಳು. "ಇದನ್ನ ಒಂದು ದಿನವಾದ್ರೂ ಹೇಳೋಕೆ ಏನಾಗಿತ್ತು ನಿಮಗೆ?"

ಬಡಗಿ ಯೋಚಿಸಿದ. "ನೀನು ಕೇಳಲಿಲ್ಲ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಾಳೆ ಯಾವ ಬಸ್ಸಿಗೆ ಬರ್ತೀಯ ಎಂದು ಕೇಳಲು ಅಕ್ಕ ಮಾಡಿದ್ದಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಕೂತು, ಬಾಯಲ್ಲಿದ್ದದ್ದನ್ನು ನುಂಗಿದಳು.

"ಇಲ್ಲ ಅಕ್ಕಾ, ನಾಳೆ ಬರಲ್ಲ. ಆಮೇಲೆ ಮಾಡ್ತೀನಿ ಇರು. ನಾವು ಊಟಕ್ಕೆ ಕೂತಿದ್ದೀವಿ."